ಬಚ್ಚಲುಮನೆಯ ತುಂತುರು ನೀರು: ಕಟ್ಟಿಕೊಂಡ ಶವರನ್ನು ಬಿಡಿಸುವ ಬಗೆ

ಹಂಡೆ, ತೊಟ್ಟಿ, ತಂಬಿಗೆಗಳ ಸ್ನಾನಕ್ಕೆ ಒಗ್ಗಿದವರು ಮಹಾನಗರಕ್ಕೆ ಬಂದು ನೆಲೆಸಿದ ಮೇಲೆ ಅವರ ಬಚ್ಚಲುಮನೆಯಲ್ಲಿ ಆಗುವ ಮುಖ್ಯ ಬದಲಾವಣೆಯೆಂದರೆ ಗೋಡೆಯಿಂದ ಬಾಗಿ ನಿಂತ ಶವರ್. ಮೊದಲ ಕೆಲವು ತಿಂಗಳು ಅದರ ನೀರು ಮಳೆಯಂತೆ ಸಮನಾಗಿ ತಲೆಯ ಮೇಲೆ ಸುರಿಯುತ್ತದೆ. ವರುಷವೊಂದು ಕಳೆಯುವಷ್ಟರಲ್ಲಿ ಒಂದು ಧಾರೆ ಗೋಡೆಗೆ, ಇನ್ನೊಂದು ಬಾಗಿಲಿಗೆ, ಮತ್ತೊಂದು ನೇರವಾಗಿ ಕಣ್ಣಿಗೆ ಹೊಡೆಯತೊಡಗುತ್ತದೆ. ಉಳಿದ ತೂತುಗಳಲ್ಲಿ ಹನಿಯೂ ಇಳಿಯುವುದಿಲ್ಲ. ಪ್ಲಂಬರನಿಗೆ ಹೇಳಿ ಕಳುಹಿಸಿದರೆ ಅವನು ಬರುವುದು ನಾಲ್ಕನೆಯ ಕರೆಗೆ. ಬಂದು ಹೇಳುವುದು ಒಂದೇ ಮಾತು: 'ಹೊಸದು ಹಾಕಿಸಿ.' ಬಹುಪಾಲು ಸಂದರ್ಭಗಳಲ್ಲಿ ಹೊಸದರ ಅಗತ್ಯವೇ ಇರುವುದಿಲ್ಲ. ಅಡಿಗೆಮನೆಯ ಕಪಾಟಿನಲ್ಲಿಯೂ ಹೊಲಿಗೆಯ ಡಬ್ಬಿಯಲ್ಲಿಯೂ ಇರುವ ಸಾಮಗ್ರಿಯಿಂದಲೇ ಈ ಕೆಲಸವನ್ನು ಒಂದು ಭಾನುವಾರದ ಬೆಳಿಗ್ಗೆ ಮುಗಿಸಬಹುದು. ಆದರೆ ಇದು ಕೇವಲ ಅನುಕೂಲದ ಮಾತಲ್ಲ. ಕಟ್ಟಿಕೊಂಡ ಶವರಿಗೂ ಮನೆಯ ಹಿರಿಯರ ಶ್ವಾಸಕೋಶಕ್ಕೂ ಸಂಬಂಧವಿದೆ. ಅದನ್ನು ಬಿಡಿಸಲು ಕೆಲವರು ಅನುಸರಿಸುವ ವಿಧಾನವಂತೂ ಪ್ರಾಣಕ್ಕೇ ಅಪಾಯಕಾರಿ.

ತೂತುಗಳನ್ನು ಮುಚ್ಚುವ ವಸ್ತು ಯಾವುದು? ಬಿಸಿನೀರಿನ ಹಂಡೆಯ ಒಳಮೈಯಲ್ಲಿ ಬೆಳ್ಳಗೆ, ಒರಟಾಗಿ, ಪದರ ಪದರವಾಗಿ ಕಟ್ಟುತ್ತಿದ್ದ ಹಕ್ಕಳೆಯನ್ನು ಕಂಡವರಿಗೆ ಉತ್ತರ ಗೊತ್ತೇ ಇದೆ. ಅದೇ ಸುಣ್ಣ. ಮಳೆಯ ನೀರು ನೆಲಕ್ಕೆ ಇಳಿಯುವಾಗ ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ಅತಿ ಸೌಮ್ಯವಾದ ಆಮ್ಲವಾಗುತ್ತದೆ. ಈ ಆಮ್ಲವು ಭೂಮಿಯೊಳಗಿನ ಸುಣ್ಣದ ಅಂಶವನ್ನು ಕರಗಿಸಿ ಬೈಕಾರ್ಬೋನೇಟ್ ರೂಪದಲ್ಲಿ ಹೊತ್ತು ತರುತ್ತದೆ. ಇಂಥ ನೀರು ಕಣ್ಣಿಗೆ ತಿಳಿಯಾಗಿಯೇ ಇರುತ್ತದೆ. ಆದರೆ ಅದನ್ನು ಕಾಯಿಸಿದಾಗ ಅಥವಾ ಅದು ಆರಿಹೋದಾಗ ಇಂಗಾಲದ ಡೈ ಆಕ್ಸೈಡ್ ಹಾರಿಹೋಗಿ, ಕರಗದ ಕ್ಯಾಲ್ಸಿಯಂ ಕಾರ್ಬೋನೇಟ್ ಹಿಂದೆ ಉಳಿಯುತ್ತದೆ. ಶವರಿನಲ್ಲಿ ಈ ಎರಡೂ ಒಟ್ಟಿಗೆ ನಡೆಯುತ್ತವೆ: ಗೀಸರಿನಿಂದ ಕಾದ ನೀರು ಬರುತ್ತದೆ, ಸ್ನಾನ ಮುಗಿದ ಮೇಲೆ ಪ್ರತಿಯೊಂದು ತೂತಿನ ಬಾಯಲ್ಲಿ ಒಂದೊಂದು ಹನಿ ನಿಂತು ಅಲ್ಲೇ ಆರುತ್ತದೆ. ಸುಣ್ಣದ ಉಂಗುರ ದಿನಕ್ಕೊಂದು ಎಳೆಯಷ್ಟು ಬೆಳೆಯುತ್ತದೆ.

ಹಳ್ಳಿಯ ಹೆಂಗಸರು ಇಂಥ ನೀರನ್ನು ಬೇಳೆ ಬೇಯದ ನೀರು ಎಂದು ಗುರುತಿಸುತ್ತಿದ್ದರು. ಪರೀಕ್ಷೆ ಸರಿಯಾದದ್ದೇ. ಪುಸ್ತಕದ ಭಾಷೆಯಲ್ಲಿ ಇದಕ್ಕೆ ಗಡಸು ನೀರು ಎಂದು ಹೆಸರು. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕದಲ್ಲಿ ಗಡಸುತನವು ಲೀಟರಿಗೆ ೨೦೦ ಮಿಲಿಗ್ರಾಂ ಇದ್ದರೆ ಒಪ್ಪತಕ್ಕದ್ದು. ಬೇರೆ ನೀರು ದೊರೆಯದಿದ್ದಲ್ಲಿ ೬೦೦ರವರೆಗೂ ಸಹಿಸಬಹುದು ಎಂದಿದೆ. ಲೀಟರಿಗೆ ೪೦೦ ಮಿಲಿಗ್ರಾಂ ಗಡಸುತನವಿರುವ ಕೊಳವೆಬಾವಿಯ ನೀರಿನಲ್ಲಿ ಒಬ್ಬರು ೫೦ ಲೀಟರಿನ ಸ್ನಾನ ಮಾಡಿದರೆ ಆ ಶವರಿನ ಮೂಲಕ ೨೦ ಗ್ರಾಂ ಸುಣ್ಣ ಹಾದುಹೋದಂತಾಯಿತು. ನಾಲ್ವರ ಕುಟುಂಬದಲ್ಲಿ ತಿಂಗಳಿಗೆ ಎರಡೂಕಾಲು ಕಿಲೋವಿಗೂ ಮಿಕ್ಕಿ! ಅದರಲ್ಲಿ ತೀರ ಅಲ್ಪಾಂಶ ಮಾತ್ರವೇ ಅಂಟಿಕೊಳ್ಳುತ್ತದೆ. ಆದರೆ ಒಂದು ಮಿಲಿಮೀಟರ್ ಅಗಲದ ತೂತನ್ನು ಮುಚ್ಚಲು ಅಷ್ಟು ಸಾಕು.

ಎಲ್ಲ ನಗರಗಳ ನೀರೂ ಒಂದೇ ತೆರನಲ್ಲ. ಮುಂಬಯಿಗೆ ಬರುವುದು ವಿಹಾರ, ತುಳಸಿ, ತಾನ್ಸಾ, ವೈತರಣಾ, ಭಾತ್ಸಾ ಮುಂತಾದ ಜಲಾಶಯಗಳ ಮಳೆನೀರು. ಅದು ಸ್ವಭಾವತಃ ಮೃದು. ಆದ್ದರಿಂದ ಅಲ್ಲಿನ ಹಳೆಯ ಕಟ್ಟಡಗಳಲ್ಲಿ ಶವರ್ ಕಟ್ಟಿದರೆ ಸುಣ್ಣಕ್ಕಿಂತ ಮೊದಲು ಹಳೆಯ ಕಬ್ಬಿಣದ ಕೊಳವೆಗಳ ತುಕ್ಕನ್ನೂ ತೊಟ್ಟಿಯ ಹೂಳನ್ನೂ ಸಂಶಯಿಸಬೇಕು. ಪುಣೆಯ ಹಳೆಯ ಪೇಟೆಗಳಿಗೆ ಖಡಕ್‌ವಾಸ್ಲಾದ ನೀರು ಸಿಗುತ್ತದೆ. ಹೊರವಲಯದ ಹೊಸ ವಸತಿಗಳಲ್ಲಿ ಕೊಳವೆಬಾವಿ ಮತ್ತು ಟ್ಯಾಂಕರುಗಳ ಆಶ್ರಯವೇ ಹೆಚ್ಚು. ೨೦೧೯ರ ಬೇಸಿಗೆಯಲ್ಲಿ ಕೆರೆಗಳು ಬತ್ತಿ ಟ್ಯಾಂಕರಿಗಾಗಿ ಕಾದ ಚೆನ್ನೈ ನಿವಾಸಿಗಳಿಗೆ ಕೊಳವೆಬಾವಿಯ ನೀರಿನ ಗುಣ ವಿವರಿಸಬೇಕಾಗಿಲ್ಲ. ಹೈದರಾಬಾದಿನ ಕಗ್ಗಲ್ಲಿನ ನೆಲದಡಿಯ ನೀರೂ ದೆಹಲಿಯ ಹೊರಬಡಾವಣೆಗಳ ಕೊಳವೆಬಾವಿಯ ನೀರೂ ಸಾಮಾನ್ಯವಾಗಿ ಗಡಸು.

ಆರೋಗ್ಯದ ಮಾತು

ಗಡಸು ನೀರು ಕುಡಿದರೆ ರೋಗ ಬರುತ್ತದೆಂಬ ಭಯ ಅನಗತ್ಯ. ವಿಶ್ವ ಆರೋಗ್ಯ ಸಂಸ್ಥೆಯು ಕುಡಿಯುವ ನೀರಿನ ಗಡಸುತನಕ್ಕೆ ಆರೋಗ್ಯದ ದೃಷ್ಟಿಯಿಂದ ಯಾವ ಮಿತಿಯನ್ನೂ ಗೊತ್ತುಪಡಿಸಿಲ್ಲ. ಸಾಬೂನು ನೊರೆ ಕೊಡದೆ ಮೈಮೇಲೆ ಜಿಗುಟಾದ ಪೊರೆ ಉಳಿಯುವುದು, ಚರ್ಮ ಒಣಗಿ ತುರಿಸುವುದು, ಕೂದಲು ಒರಟಾಗುವುದು, ಇಷ್ಟು ಅದರ ಉಪದ್ರವ. ಚಿಂತಿಸಬೇಕಾದದ್ದು ಬೇರೊಂದು ವಿಷಯವನ್ನು ಕುರಿತು.

ಸುಣ್ಣದ ಹಕ್ಕಳೆ ಒರಟಾದದ್ದು. ಅದರ ಸಂದುಗೊಂದುಗಳಲ್ಲಿ ಲೋಳೆಯಂಥ ಪೊರೆಯೊಂದು ಬೆಳೆಯುತ್ತದೆ. ಅದು ಸೂಕ್ಷ್ಮಜೀವಿಗಳ ವಸಾಹತು. ೨೦೦೯ರಲ್ಲಿ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದ ನಾರ್ಮನ್ ಪೇಸ್ ಮತ್ತು ಅವರ ಸಂಗಡಿಗರು ಹಲವು ನಗರಗಳ ಶವರುಗಳ ಒಳಮೈಯನ್ನು ಪರೀಕ್ಷಿಸಿದಾಗ, ಕ್ಷಯದ ಜೀವಾಣುವಿನ ದೂರದ ಬಂಧುವಾದ ಮೈಕೋಬ್ಯಾಕ್ಟೀರಿಯಂ ಏವಿಯಂ ಎಂಬುದು ಮೂಲ ನೀರಿನಲ್ಲಿ ಇರುವುದಕ್ಕಿಂತ ನೂರು ಪಟ್ಟಿಗೂ ಹೆಚ್ಚು ಸಾಂದ್ರವಾಗಿ ಕೆಲವು ಶವರುಗಳಲ್ಲಿ ನೆಲೆಸಿದ್ದುದು ಕಂಡುಬಂದಿತು. ಆರೋಗ್ಯವಂತರಿಗೆ ಇದರಿಂದ ಸಾಮಾನ್ಯವಾಗಿ ಏನೂ ಆಗದು. ಶ್ವಾಸಕೋಶದ ಹಳೆಯ ಕಾಯಿಲೆಯುಳ್ಳವರೂ ರೋಗನಿರೋಧಕ ಶಕ್ತಿ ಕುಂದಿದವರೂ ಮಾತ್ರ ಎಚ್ಚರವಾಗಿರಬೇಕು.

ಲೀಜನೆಲ್ಲಾ ಎಂಬ ಇನ್ನೊಂದು ಜೀವಾಣುವಿನ ಕಥೆ ಪ್ರಸಿದ್ಧವಾದದ್ದು. ೧೯೭೬ರ ಜುಲೈ ತಿಂಗಳಿನಲ್ಲಿ ಫಿಲಡೆಲ್ಫಿಯಾ ನಗರದ ಹೋಟೆಲೊಂದರಲ್ಲಿ 'ಅಮೆರಿಕನ್ ಲೀಜನ್' ಎಂಬ ಮಾಜಿ ಸೈನಿಕರ ಸಂಘದ ಸಮ್ಮೇಳನ ನಡೆಯಿತು. ಮನೆಗೆ ಮರಳಿದ ಪ್ರತಿನಿಧಿಗಳಲ್ಲಿ ಅನೇಕರು ವಿಚಿತ್ರವಾದ ನ್ಯುಮೋನಿಯಾದಿಂದ ಹಾಸಿಗೆ ಹಿಡಿದರು. ಸುಮಾರು ಮೂವತ್ತು ಮಂದಿ ಮೃತಪಟ್ಟರು. ಕಾರಣವಾದ ಜೀವಾಣುವನ್ನು ವಿಜ್ಞಾನಿಗಳು ೧೯೭೭ರ ಜನವರಿಯಲ್ಲಿ ಪ್ರಕಟಿಸಿದರು. ಸೈನಿಕರ ಸಂಘದ ಹೆಸರೇ ಅದಕ್ಕೆ ಅಂಟಿತು. ಅಲ್ಲಿ ಅನುಮಾನ ಬಿದ್ದದ್ದು ಶವರಿನ ಮೇಲಲ್ಲ, ಹವಾನಿಯಂತ್ರಣದ ವ್ಯವಸ್ಥೆಯ ಮೇಲೆ. ಆದರೆ ತತ್ತ್ವ ಒಂದೇ. ಈ ಜೀವಾಣು ಉಗುರುಬೆಚ್ಚಗಿನ ನಿಂತ ನೀರಿನಲ್ಲಿ, ೨೫ರಿಂದ ೪೫ ಡಿಗ್ರಿ ಸೆಲ್ಸಿಯಸಿನ ನಡುವೆ, ಹುಲುಸಾಗಿ ಬೆಳೆಯುತ್ತದೆ. ಸೂಕ್ಷ್ಮವಾದ ತುಂತುರಿನೊಡನೆ ಉಸಿರಿಗೆ ಸೇರಿದಾಗ ರೋಗ ತರುತ್ತದೆ. ರೋಗಿಯಿಂದ ಇನ್ನೊಬ್ಬರಿಗೆ ಅದು ಸಾಮಾನ್ಯವಾಗಿ ಹರಡದು. ವಯಸ್ಸಾದವರು, ಧೂಮಪಾನಿಗಳು, ಮಧುಮೇಹಿಗಳು ಇದಕ್ಕೆ ಹೆಚ್ಚಾಗಿ ಈಡಾಗುತ್ತಾರೆ. ಊರಿನಿಂದ ಬಂದು ಮಗನ ಮನೆಯಲ್ಲಿಯೋ ಮಗಳ ಮನೆಯಲ್ಲಿಯೋ ನೆಲೆಸಿದ ವೃದ್ಧ ತಂದೆತಾಯಿಗಳಿರುವ ಕುಟುಂಬಗಳು ಈ ಮಾತನ್ನು ಅವಶ್ಯವಾಗಿ ಗಮನಿಸಬೇಕು. ಕಟ್ಟಿಕೊಂಡ ಶವರ್ ನೀರನ್ನು ಧಾರೆಯಾಗಿ ಬಿಡುವ ಬದಲು ಮಂಜಿನಂತೆ ಸಿಡಿಸುತ್ತದೆಂಬುದನ್ನೂ ನೆನಪಿಡುವುದು ಒಳ್ಳೆಯದು.

ದೋಷ ಎಲ್ಲಿದೆ?

ಶವರನ್ನು ಬಿಚ್ಚುವ ಮೊದಲು ಕೊಂಚ ತನಿಖೆ ಅಗತ್ಯ. ಅದೇ ಬಚ್ಚಲಿನ ಬಕೆಟ್ ನಲ್ಲಿಯಲ್ಲಿಯೂ ನೀರು ಸಣ್ಣಗಿದ್ದರೆ ದೋಷ ಶವರಿನದಲ್ಲ, ಕೊಳವೆಯದು ಅಥವಾ ಮುಖ್ಯ ವಾಲ್ವಿನದು. ತಣ್ಣೀರು ರಭಸವಾಗಿದ್ದು ಬಿಸಿನೀರು ಮಾತ್ರ ಸಣ್ಣಗಿದ್ದರೆ ಗೀಸರಿನ ಕಡೆಗೆ ನೋಡಬೇಕು. ಕಟ್ಟಡದ ಕಟ್ಟಕಡೆಯ ಮಹಡಿಯಲ್ಲಿರುವವರ ಸಮಸ್ಯೆ ಬೇರೆಯೇ. ನೀರಿನ ಒತ್ತಡ ತೊಟ್ಟಿಯ ಎತ್ತರವನ್ನು ಅವಲಂಬಿಸಿದೆ. ಹತ್ತು ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಒತ್ತಡ ಸಿಗುತ್ತದೆ. ತಲೆಯ ಮೇಲೆಯೇ ತೊಟ್ಟಿಯಿದ್ದು, ಎರಡು ಮೂರು ಮೀಟರಿನ ಅಂತರವಷ್ಟೇ ಇರುವಲ್ಲಿ ಎಂಥ ಶುಭ್ರವಾದ ಶವರೂ ಜೋರಾಗಿ ಸುರಿಯಲಾರದು. ಉಳಿದವರು ಶವರನ್ನು ಬಿಚ್ಚಿ, ಬರಿಯ ಕೊಳವೆಯಿಂದ ನೀರು ಬಿಟ್ಟು ನೋಡಲಿ. ಧಾರೆ ದಪ್ಪವಾಗಿ ಬಿದ್ದರೆ ತಪ್ಪು ಶವರಿನದೇ ಎಂದು ಖಚಿತ.

ಬೇಕಾದ ಸಲಕರಣೆಗಳು ಇವು: ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು, ಹೊಲಿಗೆಯ ಸೂಜಿ, ತೆಂಗಿನ ಪೊರಕೆಯ ನಾಲ್ಕಾರು ಕಡ್ಡಿ, ಗಟ್ಟಿಯಾದ ಹಾಲಿನ ಪ್ಲಾಸ್ಟಿಕ್ ಚೀಲ, ರಬ್ಬರ್ ಬ್ಯಾಂಡುಗಳು, ಪಾತ್ರೆ ತೊಳೆಯುವಾಗ ಹಾಕುವ ರಬ್ಬರ್ ಕೈಗವಸು ಅಥವಾ ಸೈಕಲ್ ಟ್ಯೂಬಿನ ತುಂಡು, ಮತ್ತು ಹುಳಿ.

ಹುಳಿಯೆಂದರೆ ಯಾವ ಹುಳಿ? ಅಂಗಡಿಯ ಬಿಳಿ ವಿನೆಗರ್ ಉತ್ತಮ. ಅದರಲ್ಲಿ ನೂರಕ್ಕೆ ನಾಲ್ಕೈದು ಪಾಲು ಅಸಿಟಿಕ್ ಆಮ್ಲವಿರುತ್ತದೆ; ಸುಣ್ಣದೊಡನೆ ಕೂಡಿ ನೀರಿನಲ್ಲಿ ಕರಗುವ ಲವಣವಾಗಿ, ಇಂಗಾಲದ ಡೈ ಆಕ್ಸೈಡ್ ಗುಳ್ಳೆಗುಳ್ಳೆಯಾಗಿ ಏಳುತ್ತದೆ. ನೂರು ಮಿಲಿಲೀಟರ್ ವಿನೆಗರ್ ಮೂರು ನಾಲ್ಕು ಗ್ರಾಂ ಸುಣ್ಣವನ್ನು ಕರಗಿಸಬಲ್ಲದು. ಒಂದು ಶವರಿಗೆ ಸಾಮಾನ್ಯವಾಗಿ ಅಷ್ಟು ಸಾಕು. ಅದರ ಘಾಟು ಸೇರದವರು ನಿಂಬೆ ಉಪ್ಪನ್ನು, ಅಂದರೆ ಸಿಟ್ರಿಕ್ ಆಮ್ಲದ ಹರಳನ್ನು ಬಳಸಬಹುದು. ದೆಹಲಿಯ ಕಿರಾಣಿ ಅಂಗಡಿಯಲ್ಲಿ 'ನಿಂಬೂ ಕಾ ಸತ್', ಮರಾಠಿಯಲ್ಲಿ 'ಲಿಂಬೂ ಸತ್ವ', ಹೈದರಾಬಾದಿನಲ್ಲಿ 'ನಿಮ್ಮ ಉಪ್ಪು' ಎಂದು ಕೇಳಿದರೆ ದೊರೆಯುತ್ತದೆ. ಅರ್ಧ ಲೀಟರ್ ಬೆಚ್ಚನೆಯ ನೀರಿಗೆ ದೊಡ್ಡ ಚಮಚದಲ್ಲಿ ಎರಡು ಹಾಕಿದರೆ ಹದ ಸರಿ. ಶರಬತ್ತಿಗೆ ಹಿಂಡಿದ ನಿಂಬೆಯ ಸಿಪ್ಪೆಯೂ ವ್ಯರ್ಥವಲ್ಲ. ತಟ್ಟೆಯ ಹೊರಮೈಯನ್ನು ಅದರಿಂದ ಉಜ್ಜಬಹುದು. ಹಿತ್ತಾಳೆಯ ಪಾತ್ರೆಗಳನ್ನು ಫಳಫಳನೆ ಬೆಳಗುವ ಹುಣಿಸೆಹಣ್ಣು ಇಲ್ಲಿ ಅಷ್ಟಾಗಿ ಉಪಯೋಗಕ್ಕೆ ಬಾರದೆಂಬುದು ಸ್ವಾರಸ್ಯದ ಸಂಗತಿ. ಅದರ ಟಾರ್ಟಾರಿಕ್ ಆಮ್ಲ ಸುಣ್ಣದೊಡನೆ ಸೇರಿ ಆಗುವ ಲವಣ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಒಂದು ಕಿಟ್ಟ ಹೋಗಿ ಇನ್ನೊಂದು ಬಂದಂತಾಗುತ್ತದೆ.

ಬಿಚ್ಚುವುದು, ತೊಳೆಯುವುದು

ಮೊದಲು ಗೀಸರಿನ ಸ್ವಿಚ್ಚು ಆರಿಸಿ, ನಲ್ಲಿಗಳನ್ನು ಬಿಗಿಯಾಗಿ ಮುಚ್ಚಬೇಕು. ನೀರು ಹೋಗುವ ಕಂಡಿಯ ಮೇಲೆ ಬಟ್ಟೆ ಹಾಸಬೇಕು. ಕಳಚಿದ ವಾಷರ್ ಅದರೊಳಗೆ ಬಿದ್ದರೆ ಕೆಲಸ ಎರಡಾಗುತ್ತದೆ. ಬೋರಲು ಹಾಕಿದ ಬಕೆಟ್ಟಿನ ಮೇಲೆ ಹತ್ತುವ ಸಾಹಸ ಯಾರೂ ಮಾಡಬಾರದು. ಒಣಗಿದ ನೆಲದ ಮೇಲೆ ಗಟ್ಟಿಯಾದ ಸ್ಟೂಲು ಇರಲಿ. ಹಿರಿಯರು ಈ ಭಾಗವನ್ನು ಕಿರಿಯರಿಗೆ ಬಿಡುವುದೇ ಲೇಸು.

ಕೆಳಗಿನಿಂದ ತಲೆಯೆತ್ತಿ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾದ ದಿಕ್ಕಿನಲ್ಲಿ ತಿರುಗಿಸಿದರೆ ಶವರ್ ಸಡಿಲುತ್ತದೆ. ಕೈ ಜಾರಿದರೆ ರಬ್ಬರ್ ಕೈಗವಸು ತೊಟ್ಟು ಅಥವಾ ಸೈಕಲ್ ಟ್ಯೂಬಿನ ತುಂಡನ್ನು ಸುತ್ತಿ ಹಿಡಿಯಬೇಕು. ಅದಕ್ಕೂ ಜಗ್ಗದಿದ್ದರೆ ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ತಿರುಪಿನ ಸುತ್ತ ಕಟ್ಟಿ ಅರ್ಧ ಗಂಟೆ ಬಿಡಬೇಕು. ಸ್ಪ್ಯಾನರ್ ಹಾಕಲೇಬೇಕಾದಲ್ಲಿ ನಡುವೆ ಬಟ್ಟೆ ಇರಲಿ, ಇಲ್ಲವಾದರೆ ಹೊಳಪಿನ ಲೇಪ ಕಿತ್ತುಬರುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು, ಗೋಡೆಯಿಂದ ಬಂದ ಕೊಳವೆಯನ್ನು ಇನ್ನೊಂದು ಕೈಯಿಂದ ಭದ್ರವಾಗಿ ಹಿಡಿದುಕೊಂಡಿರುವುದು. ಅದು ಗೋಡೆಯೊಳಗೆ ತಿರುಚಿ ಒಡೆದರೆ ಹೆಂಚು ಒಡೆಯಬೇಕಾಗುತ್ತದೆ. ಕೆಳಗಿನ ಮನೆಯ ಸೂರಿಗೆ ನೀರು ಇಳಿದು ಸೊಸೈಟಿಯ ಸಭೆಯಲ್ಲಿ ತಲೆತಗ್ಗಿಸಿ ಕೂರಬೇಕಾಗುತ್ತದೆ.

ಕಳಚಿದ ಶವರಿನ ಹಿಂಬದಿಯಲ್ಲಿ ಒಂದು ವಾಷರೂ ಅದರ ಹಿಂದೆ ಹಲವು ವೇಳೆ ಸಣ್ಣ ಜಾಲರಿಯೂ ಇರುತ್ತವೆ. ಅನೇಕ ಸಲ ರೋಗದ ಮೂಲ ಈ ಜಾಲರಿಯೇ. ತುಕ್ಕಿನ ಹುಡಿ, ಮರಳು, ಕೊಳವೆ ಕತ್ತರಿಸಿದಾಗ ಉಳಿದ ಪ್ಲಾಸ್ಟಿಕ್ಕಿನ ಚೂರು ಇಲ್ಲಿ ಬಂದು ಕೂತಿರುತ್ತವೆ. ಮುಂಬಯಿಯವರಿಗೆ ಈ ಜಾಲರಿಯನ್ನು ತೊಳೆದರೇ ಕೆಲಸ ಮುಗಿದುಹೋಗಬಹುದು. ಹೇರ್‌ಪಿನ್ನಿನಿಂದ ಇವನ್ನು ಮೆಲ್ಲಗೆ ಎಬ್ಬಿಸಿ, ಬಿಚ್ಚಿದ ಕ್ರಮದಲ್ಲಿಯೇ ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಡಬೇಕು. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟರೆ ಮತ್ತೂ ಕ್ಷೇಮ.

ನಂತರ ಶವರನ್ನು ಪ್ಲಾಸ್ಟಿಕ್ ಅಥವಾ ಗಾಜಿನ ಪಾತ್ರೆಯಲ್ಲಿ ಮುಖ ಕೆಳಗಾಗಿ ಇಟ್ಟು ತೂತುಗಳು ಮುಳುಗುವಷ್ಟು ಹುಳಿನೀರು ಸುರಿಯಬೇಕು. ಪ್ಲಾಸ್ಟಿಕ್ಕಿನದಾದರೆ ಕೆಲವು ಗಂಟೆ ನೆನೆದರೂ ಚಿಂತೆಯಿಲ್ಲ. ಕ್ರೋಮಿಯಂ ಲೇಪದ ಶವರನ್ನು ಅರ್ಧ ಗಂಟೆಗೊಮ್ಮೆ ತೆಗೆದು ತೊಳೆದು ನೋಡಿ, ಬೇಕಾದರೆ ಮತ್ತೆ ಇಡಬೇಕು, ಇರುಳಿಡೀ ಬಿಡಬಾರದು. ಚಿನ್ನದ ಬಣ್ಣದ ಅಥವಾ ಕಪ್ಪು ಲೇಪದವಕ್ಕೆ ಹುಳಿ ಸೋಂಕದಿರುವುದೇ ಒಳ್ಳೆಯದು. ಗುಳ್ಳೆಗಳು ಏಳುವುದು ನಿಂತ ಮೇಲೆ ಬ್ರಷ್ಷಿನಿಂದ ತಿಕ್ಕಿದರೆ ಮೆತ್ತಗಾದ ಹಕ್ಕಳೆಯೂ ಲೋಳೆಯೂ ಬಿಟ್ಟುಬರುತ್ತವೆ. ಹೊಸ ಬಗೆಯ ಶವರುಗಳಲ್ಲಿ ತೂತುಗಳಿಗೆ ರಬ್ಬರಿನಂಥ ಮೊಗ್ಗುಗಳಿರುತ್ತವೆ. ಅವನ್ನು ಹೆಬ್ಬೆರಳಿನಿಂದ ಹಿಸುಕಿ ಉಜ್ಜಿದರೆ ಸುಣ್ಣ ತಾನಾಗಿ ಉದುರುತ್ತದೆ, ಸೂಜಿ ಚುಚ್ಚಿದರೆ ಮಾತ್ರ ಹರಿಯುತ್ತದೆ. ಲೋಹದ ತೂತುಗಳಿಗೆ ಪೊರಕೆ ಕಡ್ಡಿಯೇ ಶ್ರೇಷ್ಠ ಆಯುಧ: ತುದಿಯನ್ನು ಓರೆಯಾಗಿ ಕತ್ತರಿಸಿದರೆ ಒಳಹೋಗುವಷ್ಟು ಸಪೂರ, ಗೀರು ಬೀಳಿಸದಷ್ಟು ಮೃದು. ಅದು ಸೋತಲ್ಲಿ ಮಾತ್ರ ಸೂಜಿ. ಅದನ್ನು ಗಿರಗಿರನೆ ತಿರುಗಿಸಿ ತೂತನ್ನು ಅಗಲ ಮಾಡಿದರೆ ಧಾರೆ ಮತ್ತೆ ಓರೆಯಾಗುತ್ತದೆ. ಹೊರಗಿನಿಂದ ಒಳಕ್ಕೆ ಚುಚ್ಚಿ, ಒಳಗೆ ಬಿದ್ದ ಕಸವನ್ನು ಬಕೆಟ್ ನಲ್ಲಿಯ ಕೆಳಗೆ ಶವರನ್ನು ತಿರುವುಮುರುವಾಗಿ ಹಿಡಿದು ಹಿಂಬದಿಯಿಂದಲೇ ಹೊರಹಾಕಬೇಕು. ಕಡೆಯಲ್ಲಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಮುಚ್ಚಿ ಉಳಿದ ತೂತುಗಳು ಬಹುಮಟ್ಟಿಗೆ ಕಂಡುಬರುತ್ತವೆ.

ಮರಳಿ ಜೋಡಿಸುವ ಮೊದಲು, ಸಡಿಲಾದ ಸುಣ್ಣ ಕೊಚ್ಚಿಹೋಗುವಂತೆ ಬರಿಯ ಕೊಳವೆಯಿಂದ ಅರ್ಧ ಬಕೆಟ್ ನೀರು ಬಿಡಬೇಕು. ತಿರುಪಿನ ಮೇಲೆ ಬಿಳಿಯ ಟೆಫ್ಲಾನ್ ಟೇಪನ್ನು ಬಿಗಿಸುವ ದಿಕ್ಕಿನಲ್ಲಿಯೇ ಮೂರು ನಾಲ್ಕು ಸುತ್ತು ಸುತ್ತಬೇಕು. ಟೇಪು ಇಲ್ಲದಿದ್ದರೆ ಮೇಣದಬತ್ತಿಗೆ ಉಜ್ಜಿದ ಹತ್ತಿಯ ನೂಲು ತಾತ್ಕಾಲಿಕವಾಗಿ ಸಾಕು. ಕೈಬಲದಷ್ಟೇ ಬಿಗಿಸಿದರೆ ಸರಿ. ನಲ್ಲಿ ಮುಚ್ಚಿದ ಮೇಲೂ ಕೆಲವು ನಿಮಿಷ ಹನಿ ಬಿದ್ದರೆ ಅದು ಒಳಗೆ ಉಳಿದ ನೀರು. ಗಂಟೆಗಟ್ಟಲೆ ತೊಟ್ಟಿಕ್ಕಿದರೆ ನಲ್ಲಿಯ ವಾಷರನ್ನು ಬದಲಿಸಬೇಕು.

ಶವರ್ ಏನು ಮಾಡಿದರೂ ಕಳಚದಿದ್ದರೆ ಹಾಲಿನ ಚೀಲದ ಸರದಿ. ಚೀಲದಲ್ಲಿ ಅರ್ಧದಷ್ಟು ವಿನೆಗರ್ ಸುರಿದು, ಶವರಿನ ಮುಖ ಅದರಲ್ಲಿ ಮುಳುಗುವಂತೆ ಕೆಳಗಿನಿಂದ ತೊಡಿಸಿ, ಕತ್ತಿನಲ್ಲಿ ರಬ್ಬರ್ ಬ್ಯಾಂಡಿನಿಂದಲೂ ದಾರದಿಂದಲೂ ಕಟ್ಟಬೇಕು. ಗುಳ್ಳೆಗಳ ಗಾಳಿ ಹೊರಹೋಗಲು ಕಟ್ಟಿನಲ್ಲಿ ಕೊಂಚ ಸಡಿಲವಿರಲಿ. ಬಿಚ್ಚುವಾಗ ಮುಖ ಮೇಲೆತ್ತಬಾರದು. ಹುಳಿ ಕಣ್ಣಿಗೆ ಸಿಡಿದರೆ ತಕ್ಷಣ ತಣ್ಣೀರಿನಿಂದ ಬಹಳ ಹೊತ್ತು ತೊಳೆಯಬೇಕು. ನೆಲ ಅಮೃತಶಿಲೆಯದು ಅಥವಾ ಮೊಸಾಯಿಕ್ಕಿನದಾಗಿದ್ದರೆ ಕೆಳಗೊಂದು ಬಕೆಟ್ ಇಡಬೇಕು. ಅಮೃತಶಿಲೆಯೂ ಕ್ಯಾಲ್ಸಿಯಂ ಕಾರ್ಬೋನೇಟೇ, ಹುಳಿ ಬಿದ್ದಲ್ಲೆಲ್ಲ ಹೊಳಪು ಅಳಿಯುತ್ತದೆ.

ಬೇಗ ಮುಗಿಯಲೆಂದು ಕಕ್ಕಸು ತೊಳೆಯುವ ಆಸಿಡ್ಡನ್ನು ತರುವವರಿದ್ದಾರೆ. ಅದರ ಹೈಡ್ರೋಕ್ಲೋರಿಕ್ ಆಮ್ಲ ಸುಣ್ಣದೊಡನೆ ಲೇಪವನ್ನೂ ತಿಂದುಹಾಕುತ್ತದೆ. ಅದರ ಹೊಗೆ ಕಿಟಕಿಯಿಲ್ಲದ ಸಣ್ಣ ಬಚ್ಚಲಿನಲ್ಲಿ ಉಸಿರು ಕಟ್ಟಿಸುತ್ತದೆ. ಇದಕ್ಕಿಂತಲೂ ಘೋರವಾದದ್ದು ಆಸಿಡ್ ಸುರಿದ ಜಾಗದಲ್ಲಿಯೇ 'ಇನ್ನಷ್ಟು ಶುಭ್ರವಾಗಲಿ' ಎಂದು ಬ್ಲೀಚಿಂಗ್ ಪುಡಿ ಅಥವಾ ದ್ರವ ಬ್ಲೀಚನ್ನು ಸೇರಿಸುವುದು. ಆಗ ಹೊರಡುವುದು ಕ್ಲೋರಿನ್ ಅನಿಲ. ೧೯೧೫ರ ಏಪ್ರಿಲಿನಲ್ಲಿ ಬೆಲ್ಜಿಯಂನ ಈಪರ್ ರಣರಂಗದಲ್ಲಿ ಜರ್ಮನರು ಶತ್ರುಸೈನ್ಯದ ಮೇಲೆ ಬಿಟ್ಟದ್ದು ಇದೇ ಅನಿಲ. ವಿನೆಗರ್, ನಿಂಬೆಹುಳಿಗಳೂ ಬ್ಲೀಚಿನೊಡನೆ ಸೇರಿದರೆ ಇದನ್ನೇ ಹೊರಡಿಸುತ್ತವೆ. ಅಕಸ್ಮಾತ್ ಬೆರೆತು ಘಾಟು ಎದ್ದರೆ ತೊಳೆಯಲು ನಿಲ್ಲದೆ ಕೂಡಲೇ ಹೊರಗೆ ಬಂದು ಗಾಳಿಯಾಡುವಲ್ಲಿ ನಿಲ್ಲಬೇಕು. ಕೆಮ್ಮು, ಉಬ್ಬಸ ಇಳಿಯದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಮನೆಗೆಲಸದವರಿಗೆ ಈ ಎರಡು ಸೀಸೆಗಳನ್ನು ಬೇರೆಬೇರೆಯಾಗಿ ಇಡುವಂತೆ ಅವರ ಭಾಷೆಯಲ್ಲಿಯೇ ತಿಳಿಯಹೇಳುವುದು ಮನೆಯ ಯಜಮಾನರ ಹೊಣೆ.

ಶವರಿನ ಕೊಳವೆಗೆ ಸಿಕ್ಕಿಸುವ ಸಣ್ಣ ಫಿಲ್ಟರುಗಳು ನೀರನ್ನು ಮೆದುಗೊಳಿಸುತ್ತವೆಂಬ ಜಾಹೀರಾತುಗಳು ಹೇರಳವಾಗಿವೆ. ಮರಳು, ತುಕ್ಕು, ಕೊಂಚ ಕ್ಲೋರಿನ್ ತಡೆಯಲು ಅವು ಸಮರ್ಥ. ಗಡಸುತನ ತೆಗೆಯುವುದು ಅಂಗೈಯಗಲದ ಡಬ್ಬಿಯಿಂದ ಆಗುವ ಕೆಲಸವಲ್ಲ. ಅದಕ್ಕೆ ಉಪ್ಪಿನಿಂದ ಮತ್ತೆ ಮತ್ತೆ ಚೇತನಗೊಳಿಸಬೇಕಾದ ರಾಳದ ಸಾಫ್ಟ್‌ನರ್ ಬೇಕು, ಮತ್ತು ಅದನ್ನು ಇಡೀ ಕಟ್ಟಡಕ್ಕೆ ಹಾಕಿಸುವುದು ಸೊಸೈಟಿಗೆ ಸೇರಿದ ವಿಚಾರ.

ಇನ್ನುಳಿದದ್ದು ಬೇಸಿಗೆಯ ರಜೆಯ ಮಾತು. ಮಕ್ಕಳ ಪರೀಕ್ಷೆ ಮುಗಿದೊಡನೆ ಮನೆಗೆ ಬೀಗ ಹಾಕಿ ಊರಿಗೆ ಹೊರಡುವ ಕುಟುಂಬಗಳು ಹಿಂದಿರುಗುವುದು ತಿಂಗಳ ಮೇಲೆ. ಅಷ್ಟು ಕಾಲ ಶವರಿನ ಕೊಳವೆಯಲ್ಲಿ ನೀರು ನಿಂತೇ ಇರುತ್ತದೆ, ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಉಗುರುಬೆಚ್ಚಗೆ. ಲೀಜನೆಲ್ಲಾಗೆ ಇದಕ್ಕಿಂತ ಅನುಕೂಲವಾದ ಮನೆ ಬೇಕಾಗಿಲ್ಲ. ಪ್ರಯಾಣದ ಆಯಾಸದಲ್ಲಿ ಬಂದಕೂಡಲೇ ಶವರಿನ ಕೆಳಗೆ ನಿಲ್ಲುವ ಬದಲು, ಕಿಟಕಿ ತೆರೆದು, ಶವರಿನ ಮುಖಕ್ಕೆ ತುಂತುರು ಏಳದಂತೆ ಒದ್ದೆ ಬಟ್ಟೆ ಸುತ್ತಿ, ನೀರು ತಿರುಗಿಸಿ ಹೊರಗೆ ಬರಬೇಕು. ತಣ್ಣೀರನ್ನೂ ಬಿಸಿನೀರನ್ನೂ ಐದಾರು ನಿಮಿಷ ಹರಿಯಬಿಟ್ಟ ಮೇಲೆ ಸ್ನಾನ. ಗೀಸರನ್ನು ಒಮ್ಮೆ ೬೦ ಡಿಗ್ರಿಗೆ ಏರಿಸಿ ಕಾಯಿಸುವುದು ಈ ಜೀವಾಣುವಿಗೆ ಮಾರಕ. ಆದರೆ ಅಷ್ಟು ಬಿಸಿಯಾದ ನೀರು ಮೈಮೇಲೆ ಕೆಲವೇ ಸೆಕೆಂಡು ಬಿದ್ದರೂ ಚರ್ಮ ಸುಡುತ್ತದಾದ್ದರಿಂದ ತಣ್ಣೀರು ಬೆರೆಸದೆ ಮಕ್ಕಳನ್ನಾಗಲಿ ಹಿರಿಯರನ್ನಾಗಲಿ ಅದರಡಿಗೆ ಕಳುಹಿಸಬಾರದು. ಹರಿಯಬಿಟ್ಟ ಆ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟರೆ ಕಕ್ಕಸಿಗೆ ಸುರಿಯಲು ಬರುತ್ತದೆ. ಟ್ಯಾಂಕರಿನ ನೀರಿಗೆ ಹಣ ತೆರುವ ನಗರಗಳಲ್ಲಿ ಅದೂ ಲೆಕ್ಕಕ್ಕೆ ಬರುವ ವಸ್ತುವೇ.